ಅಮ್ಮಿ ಮರೆತದ್ದು ಮಾತ್ರೆಯನ್ನು, ನಮ್ಮನ್ನಲ್ಲ

ಅರಕಲಗೂಡಿನ ನಮ್ಮ ತವರು ಮನೆಯ ನೆರೆಯಾಕೆ ಒಂದು ದಿನ ಬೆಳಿಗ್ಗೆ ಅಮ್ಮಿಯ ಕೈಗೆ ಐದು ಸಾವಿರ ರೂಪಾಯಿ ಕೊಟ್ಟು ಹಾಸನದ ಬಸ್ಸು ಹತ್ತಿದರು. ಸಂಜೆ ಚೀಟಿಯವರು ಬಂದಾಗ ಅದನ್ನು ಅವರಿಗೆ ಕೊಡಬೇಕಿತ್ತು. ಚೀಟಿಯವರು ಬಂದರು. ಅಮ್ಮಿ ಅವರನ್ನು ಕೂರಿಸಿ ಚಹಾ ಕೊಟ್ಟರು, ಮನೆಮಂದಿಯ ಕ್ಷೇಮ ವಿಚಾರಿಸಿದರು, ಬಾಗಿಲವರೆಗೆ ಬಂದು ಕಳುಹಿಸಿಯೂ ಕೊಟ್ಟರು. ಹಣ ಮಾತ್ರ ಅಕ್ಕಿ ಡಬ್ಬಿಯ ಮೇಲೆ ಕರವಸ್ತ್ರದ ಗಂಟಿನಲ್ಲೇ ಉಳಿಯಿತು.

ಮೂರನೆಯ ದಿನ ನೆರೆಯಾಕೆ ಬಂದು ಕೇಳಿದಾಗ ಅಮ್ಮಿಗೆ ಎಲ್ಲವೂ ನೆನಪಾಯಿತು. ಯಾರು ಕೊಟ್ಟರು, ಎಷ್ಟು ಕೊಟ್ಟರು, ಎಲ್ಲಿಟ್ಟಿದ್ದೇನೆ ಎಂಬುದನ್ನು ತಡವರಿಸದೆ ಹೇಳಿದರು. ಹಣ ಸಿಕ್ಕಿತು. ಆದರೆ ಅಮ್ಮಿಯ ನೆಮ್ಮದಿ ಹೋಯಿತು. ಕೇರಿಯ ಹೆಂಗಸರು ಮದುವೆಯ ಒಡವೆಯನ್ನೂ ನಂಬಿ ಇಟ್ಟು ಹೋಗುತ್ತಿದ್ದುದು ಅವರ ಬಳಿಯೇ. ಅಂದು ರಾತ್ರಿ ಫೋನಿನಲ್ಲಿ ಅವರು ಅತ್ತರು. “ಬೇಟಾ, ಇನ್ನು ಯಾರ ಅಮಾನತನ್ನೂ ನಾನು ಇಟ್ಟುಕೊಳ್ಳುವುದಿಲ್ಲ” ಎಂದರು.

ನಾವು ಮಕ್ಕಳು ಮಾಡಿದ್ದೇನು? ಅರವತ್ತಕ್ಕೆ ಅರಳುಮರಳು, ಅಮ್ಮಿಗೆ ಎಪ್ಪತ್ತೆರಡು, ಇದೆಲ್ಲ ಸಹಜ ಎಂದುಕೊಂಡು ಸುಮ್ಮನಾದೆವು. ಅಬ್ಬಾ ತೀರಿಕೊಂಡ ಮೇಲೆ ಒಬ್ಬರೇ ಇದ್ದ ಅಮ್ಮಿಯನ್ನು ಇನ್ನು ಅಲ್ಲಿ ಬಿಡುವುದು ಬೇಡವೆಂದು ತೀರ್ಮಾನಿಸಿ ಸರದಿ ಹಾಕಿಕೊಂಡೆವು. ಒಂದು ತಿಂಗಳು ಹೊಳೆನರಸೀಪುರದಲ್ಲಿ ಆಪಾನ ಮನೆ, ಒಂದು ತಿಂಗಳು ಚನ್ನರಾಯಪಟ್ಟಣದಲ್ಲಿ ಭಾಯಿಯ ಮನೆ, ಒಂದು ತಿಂಗಳು ಹಾಸನದಲ್ಲಿ ನನ್ನ ಮನೆ. ಮೂವರೂ ಕರ್ತವ್ಯ ಹಂಚಿಕೊಂಡೆವೆಂಬ ಸಮಾಧಾನ ನಮಗೆ. ಆದರೆ ಅಮ್ಮಿಯ ಮರೆವು ಹೆಚ್ಚಾಯಿತು. ಒಲೆಯ ಮೇಲಿಟ್ಟ ಹಾಲು ಸೀಯುತ್ತಿತ್ತು. ಸಂಜೆಯ ಮಾತ್ರೆ ಉಳಿಯುತ್ತಿತ್ತು. ಭಾಬಿ ಹೇಳಿ ಹೋದ ಕೆಲಸ ಹಾಗೆಯೇ ಬಿದ್ದಿರುತ್ತಿತ್ತು. “ನಲವತ್ತು ವರ್ಷದ ಹಿಂದಿನ ಮದುವೆಯ ಊಟ ನೆನಪಿರುತ್ತದೆ, ಈಗ ಹೇಳಿದ್ದು ನೆನಪಿರುವುದಿಲ್ಲವೇ?” ಎಂದು ಭಾಬಿ ಬೇಸರಪಟ್ಟರು. ತಪ್ಪೇನೂ ಇಲ್ಲ, ನನಗೂ ಹಾಗೆಯೇ ಅನಿಸಿತ್ತು.

ಒಂದು ಮಧ್ಯಾಹ್ನ ಚನ್ನರಾಯಪಟ್ಟಣದಲ್ಲಿ ಅಮ್ಮಿ ಬೆವತು, ನಡುಗುತ್ತಾ, ಮಾತು ತೊದಲುತ್ತಾ ಮಂಚದ ಮೇಲೆ ಕುಸಿದಿದ್ದರು. ಸಕ್ಕರೆ ಕಾಯಿಲೆಯ ಬೆಳಗಿನ ಮಾತ್ರೆಯನ್ನು ನುಂಗಿದ್ದು ಮರೆತು ಮತ್ತೊಮ್ಮೆ ನುಂಗಿದ್ದರು. ಭಾಬಿ ಕೂಡಲೇ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ದುದರಿಂದ, ಅಲ್ಲಾಹನ ಕೃಪೆಯಿಂದ, ಜೀವ ಉಳಿಯಿತು. ನಮ್ಮ ಕಣ್ಣು ತೆರೆದದ್ದು ಆಗ.

ಎರಡು ಬಗೆಯ ನೆನಪು

ಅನಂತರ ನಾವು ತೋರಿಸಿದ ವೈದ್ಯರು ಅಮ್ಮಿಯೊಂದಿಗೆ ಬಹಳ ಹೊತ್ತು ಮಾತನಾಡಿದರು. ಕೊನೆಗೆ ನಮಗೆ ಹೇಳಿದ್ದು ಇಷ್ಟು: “ನಿಮ್ಮ ತಾಯಿಗೆ ನಡೆದದ್ದು ಬಹುಮಟ್ಟಿಗೆ ನೆನಪಿದೆ. ಮಾಡಬೇಕಾದ್ದು ಸಮಯಕ್ಕೆ ನೆನಪಾಗುತ್ತಿಲ್ಲ.”

ನೆನಪು ಎಂದೊಡನೆ ನಾವು ಹಿಂದಿನದನ್ನು ಯೋಚಿಸುತ್ತೇವೆ. ಆದರೆ ದಿನನಿತ್ಯದ ಬದುಕು ನಡೆಯುವುದು ಮುಂದಿನದರ ನೆನಪಿನಿಂದ. ಊಟವಾದ ಮೇಲೆ ಮಾತ್ರೆ, ಮೂರು ಸೀಟಿ ಆದ ಮೇಲೆ ಕುಕ್ಕರ್ ಇಳಿಸುವುದು, ನಾಲ್ಕು ಗಂಟೆಗೆ ಮೊಮ್ಮಗನನ್ನು ಶಾಲೆಯಿಂದ ಕರೆತರುವುದು, ಶುಕ್ರವಾರ ಹಾಲಿನವನಿಗೆ ಹಣ. ಮನಃಶಾಸ್ತ್ರಜ್ಞರು ಇದನ್ನು ಪ್ರಾಸ್ಪೆಕ್ಟಿವ್ ಮೆಮೊರಿ ಎನ್ನುತ್ತಾರೆ. ನಾವು ‘ಮುಂದಿನ ಕೆಲಸದ ನೆನಪು’ ಎನ್ನೋಣ.

ಈ ನೆನಪಿನ ಕಷ್ಟವೇನೆಂದರೆ, ಅದನ್ನು ಯಾರೂ ಕೇಳುವುದಿಲ್ಲ. ನಿನ್ನೆ ಯಾರು ಬಂದಿದ್ದರೆಂದು ನಾವು ಅಮ್ಮಿಯನ್ನು ಕೇಳಿದರೆ, ಆ ಪ್ರಶ್ನೆಯೇ ಉತ್ತರವನ್ನು ಎಳೆದು ತರುತ್ತದೆ. ಚೀಟಿಯವರು ಎದುರಿಗೆ ಕುಳಿತಿದ್ದಾಗ ಹಣ ಕೊಡಬೇಕೆಂಬುದು ತಾನಾಗಿಯೇ ಹೊಳೆಯಬೇಕು. ಚಹಾ, ಮಾತು, ಉಪಚಾರಗಳ ನಡುವೆ ಕೈಯಲ್ಲಿರುವ ಕೆಲಸವನ್ನು ಒಂದು ಕ್ಷಣ ಬಿಟ್ಟು ಮನಸ್ಸು ಅತ್ತ ತಿರುಗಬೇಕು. ಕೆಲಸ ಮುಗಿದ ಮೇಲೆ ಅದನ್ನು ಮಾಡಿದ್ದೇನೆಂಬುದೂ ನೆನಪಿನಲ್ಲಿ ಉಳಿಯಬೇಕು. ಈ ಕೊನೆಯ ಹೆಜ್ಜೆ ತಪ್ಪಿದ್ದರಿಂದಲೇ ಅಮ್ಮಿ ಎರಡು ಸಲ ಮಾತ್ರೆ ನುಂಗಿದ್ದು.

ಅಮೆರಿಕದ ಗಿಲ್ಸ್ ಐನ್‌ಸ್ಟೈನ್ ಮತ್ತು ಮಾರ್ಕ್ ಮ್ಯಾಕ್‌ಡೇನಿಯಲ್ ಎಂಬ ಮನಃಶಾಸ್ತ್ರಜ್ಞರು 1990ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಈ ವಿಷಯದಲ್ಲಿ ಸಂಶೋಧನೆ ಬಹಳ ಬೆಳೆಯಿತು. ಮುಂದಿನ ಕೆಲಸದ ನೆನಪನ್ನು ಎರಡಾಗಿ ವಿಂಗಡಿಸುತ್ತಾರೆ. ಒಂದು, ಸೂಚನೆ ಕಂಡಾಗ ಮಾಡುವುದು. ಹಾಲಿನವನು ಬಂದಾಗ ಹಣ ಕೊಡುವಂತೆ. ಇನ್ನೊಂದು, ಗಂಟೆ ನೋಡಿ ಮಾಡುವುದು. ಐದು ಗಂಟೆಗೆ ಮಾತ್ರೆ ನುಂಗುವಂತೆ. ಎರಡನೆಯದು ವಯಸ್ಸಾದವರಿಗೆ ಸಾಮಾನ್ಯವಾಗಿ ಹೆಚ್ಚು ಕಷ್ಟ. ಏಕೆಂದರೆ ಐದು ಗಂಟೆ ಬಾಗಿಲು ತಟ್ಟುವುದಿಲ್ಲ.

ಆದರೂ ಆರೋಗ್ಯವಂತ ಹಿರಿಯರು ತಮ್ಮ ಮನೆಯಲ್ಲಿ ಇಂತಹ ಕೆಲಸಗಳನ್ನು ಎಷ್ಟೋ ಸಲ ಯುವಕರಿಗಿಂತ ಚೆನ್ನಾಗಿ ನಿಭಾಯಿಸುತ್ತಾರೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಮಾತ್ರ ಹಿಂದೆ ಬೀಳುತ್ತಾರೆ. ಮನೆಯಲ್ಲಿ ಅವರ ಬೆನ್ನಿಗೆ ಅಭ್ಯಾಸವಿರುತ್ತದೆ, ಗುರುತುಗಳಿರುತ್ತವೆ. ಇದನ್ನು ತಿಳಿದಾಗ ನನಗೆ ನಮ್ಮ ಸರದಿಯ ತಪ್ಪು ಅರಿವಾಯಿತು. ಅರಕಲಗೂಡಿನ ಮನೆಯಲ್ಲಿ ನೀರಿನ ಹೂಜಿಯ ಪಕ್ಕದಲ್ಲಿ ಮಾತ್ರೆಯಿತ್ತು, ಒಲೆಗೆ ಎದುರಾಗಿ ಅಮ್ಮಿಯ ಮಣೆಯಿತ್ತು. ಕಣ್ಣು ಎತ್ತ ಬಿದ್ದರೂ ಮುಂದಿನ ಕೆಲಸ ನೆನಪಾಗುತ್ತಿತ್ತು. ನಾವು ತಿಂಗಳಿಗೊಮ್ಮೆ ಮನೆ ಬದಲಿಸಿ, ಅವರು ಊರಿಕೊಂಡು ನಡೆಯುತ್ತಿದ್ದ ಕೋಲನ್ನೇ ಕಿತ್ತುಕೊಂಡಿದ್ದೆವು.

ಇದು ಡಿಮೆನ್ಷಿಯಾ ರೋಗವೇ?

ವೈದ್ಯರು ಅಮ್ಮಿಯ ಸ್ಥಿತಿಗೆ ಎಂ.ಸಿ.ಐ. ಎಂದು ಹೆಸರಿಟ್ಟರು. ಅಂದರೆ ಬುದ್ಧಿಶಕ್ತಿಯಲ್ಲಿ ಕಾಣಿಸುವ ಸೌಮ್ಯ ಕುಂದು. ವಯಸ್ಸಿಗೆ ಸಹಜವಾದ ಮರೆವಿಗಿಂತ ಇದು ಹೆಚ್ಚು, ಡಿಮೆನ್ಷಿಯಾಕ್ಕಿಂತ ಕಡಿಮೆ. ಇಂತಹವರು ಸ್ನಾನ, ಊಟ, ನಮಾಝ್, ಅಡುಗೆ ಮುಂತಾದ ನಿತ್ಯದ ಬದುಕನ್ನು ತಾವೇ ನಡೆಸಬಲ್ಲರು. ತೊಡಕಿನ ಕೆಲಸಗಳಲ್ಲಿ ಮಾತ್ರ ಎಡವುತ್ತಾರೆ. ಈ ಹಂತದಲ್ಲಿ ಮುಂದಿನ ಕೆಲಸದ ನೆನಪು ಎದ್ದು ಕಾಣುವಷ್ಟು ಕುಗ್ಗಬಹುದೆಂದು ಅನೇಕ ಅಧ್ಯಯನಗಳು ತೋರಿಸಿವೆ.

ಆಸ್ಪತ್ರೆಗೆ ಬರುವ ಇಂತಹ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು ಹತ್ತರಿಂದ ಹದಿನೈದು ಮಂದಿಗೆ ಮುಂದೆ ಡಿಮೆನ್ಷಿಯಾ ಬರುತ್ತದೆಂದು ಅಂದಾಜು. ಹಲವರು ವರ್ಷಗಟ್ಟಲೆ ಹಾಗೆಯೇ ಇರುತ್ತಾರೆ. ಕೆಲವರು ಸುಧಾರಿಸುವುದೂ ಉಂಟು. ಏಕೆಂದರೆ ಮರೆವಿಗೆ ಸರಿಪಡಿಸಬಹುದಾದ ಕಾರಣಗಳೂ ಇವೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ರಕ್ತದಲ್ಲಿ ಸೋಡಿಯಂ ಕಡಿಮೆಯಾಗುವುದು, ಖಿನ್ನತೆ, ನಿದ್ರಾಹೀನತೆ, ಹಾಗೆಯೇ ನಿದ್ರೆಯ ಮಾತ್ರೆ ಮತ್ತು ಕೆಲವು ಶೀತ-ಅಲರ್ಜಿ ಮಾತ್ರೆಗಳು. ಅಮ್ಮಿಗೆ ಬಿ12 ಕಡಿಮೆಯಿತ್ತು. ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಕಣ್ಣಿನ ಪೊರೆಯಿಂದಾಗಿ ಮಾತ್ರೆಯ ಹಾಳೆಯ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ನಾವು ‘ಮರೆತರು’ ಎಂದುಕೊಂಡ ಎಷ್ಟೋ ಮಾತುಗಳು ಅವರ ಕಿವಿಗೇ ಬಿದ್ದಿರಲಿಲ್ಲ!

ಆದ್ದರಿಂದ ಸಹೋದರಿಯರೇ, ಮನೆಯ ಹಿರಿಯರಲ್ಲಿ ಹೊಸದಾಗಿ ಮರೆವು ಕಂಡರೆ ವಯಸ್ಸಿನ ಮೇಲೆ ಹಾಕಿ ಕೂರಬೇಡಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ರಕ್ತದೊತ್ತಡ, ಸಕ್ಕರೆಯ ಪರೀಕ್ಷೆಯಿಂದ ಅಲ್ಲಿ ಆರಂಭಿಸಬಹುದು. ಹಾಸನದಲ್ಲಿ 2006ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಹಿಮ್ಸ್) ಆಸ್ಪತ್ರೆಯಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ‘ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ’ವನ್ನು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದವು. ಅನಂತರ ಅದನ್ನು ಬೇರೆ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಜಿಲ್ಲಾ ಆಸ್ಪತ್ರೆಗೆ ಹೋದಾಗ ಮೆದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿಕೊಳ್ಳಿ. ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416, ಹಿರಿಯರ ಸಹಾಯವಾಣಿ 14567.

ಮರೆವು ಗುನಾಹವಲ್ಲ

ಮಾತ್ರೆಗಿಂತಲೂ ಅಮ್ಮಿಯನ್ನು ಹೆಚ್ಚು ಕಾಡಿದ್ದು ನಮಾಝ್. ಅಸರ್ ನಮಾಝ್ ಮಾಡಿದೆನೋ ಇಲ್ಲವೋ, ಇದು ಮೂರನೆಯ ರಕಾತೋ ನಾಲ್ಕನೆಯದೋ ಎಂಬ ಗೊಂದಲ. ತಾನು ಪಾಪ ಮಾಡುತ್ತಿದ್ದೇನೆಂಬ ಭಯದಿಂದ ಅವರು ಒಂದೇ ನಮಾಝನ್ನು ಎರಡು ಮೂರು ಸಲ ಮಾಡುತ್ತಿದ್ದರು. ಅನೇಕ ಮನೆಗಳಲ್ಲಿ ಹಿರಿಯರು ಈ ಸಂಕಟವನ್ನು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾರೆ.

ನಮ್ಮ ಧರ್ಮ ಇಲ್ಲಿ ಎಷ್ಟು ಕರುಣಾಮಯಿ ನೋಡಿ. ಮರೆತು ಅಥವಾ ನಿದ್ರೆಯಿಂದ ತಪ್ಪಿದ ನಮಾಝನ್ನು ನೆನಪಾದಾಗ ನಿರ್ವಹಿಸಬೇಕೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ರಕಾತ್‌ಗಳಲ್ಲಿ ಮರೆವಾದರೆ ಸಜ್ದಾ ಸಹ್ವ್ ಇದೆ. ಉಪವಾಸವಿದ್ದು ಮರೆತು ತಿಂದರೆ ಉಪವಾಸವನ್ನು ಮುಂದುವರಿಸಬೇಕು. ಸ್ವತಃ ಪ್ರವಾದಿವರ್ಯರೇ(ಸ) ಒಮ್ಮೆ ನಮಾಝ್‌ನಲ್ಲಿ ಮರೆತಾಗ, ತಾವೂ ಮನುಷ್ಯರೇ, ಇತರರಂತೆ ಮರೆಯುತ್ತೇವೆ, ಮರೆತರೆ ನೆನಪಿಸಿ ಎಂಬ ಅರ್ಥದ ಮಾತು ಹೇಳಿದ್ದನ್ನು ಹದೀಸ್ ಗ್ರಂಥಗಳು ವರದಿ ಮಾಡಿವೆ. ಮರೆತವರನ್ನು ಗದರಿಸದೆ ನೆನಪಿಸುವುದು ಸುನ್ನತ್‌ನ ದಾರಿಯೇ ಆಯಿತು. ಮರೆವು ತೀವ್ರವಾಗಿದ್ದರೆ ಏನು ಮಾಡಬೇಕೆಂದು ಬಲ್ಲ ಆಲಿಮರಲ್ಲಿ ಕೇಳಿ, ಆ ಉತ್ತರವನ್ನು ಹಿರಿಯರ ಎದುರಿಗೇ ಹೇಳಿಸಿ. ಅವರ ಮನಸ್ಸು ಹಗುರಾಗುತ್ತದೆ.

ಪವಿತ್ರ ಕುರ್‌ಆನ್ ಮುಂದಿನ ಕೆಲಸದ ಬಗ್ಗೆಯೂ ನಮಗೆ ದಾರಿ ತೋರಿದೆ. ನಾಳೆ ಇದನ್ನು ಮಾಡುತ್ತೇನೆ ಎನ್ನುವಾಗ ಅಲ್ಲಾಹನ ಇಚ್ಛೆಯನ್ನು ಸೇರಿಸಬೇಕೆಂದೂ, ಮರೆತಾಗ ಪ್ರಭುವನ್ನು ಸ್ಮರಿಸಬೇಕೆಂದೂ ಸೂರಃ ಅಲ್‌ಕಹ್ಫ್ (23-24) ಕಲಿಸುತ್ತದೆ. ಕುರ್‌ಆನಿನ ಅತಿ ದೀರ್ಘ ಆಯತ್ (ಅಲ್‌ಬಕರಃ 282) ಇರುವುದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಸಾಲಗಾರನು ಬುದ್ಧಿಯಲ್ಲಿ ದುರ್ಬಲನಾಗಿದ್ದರೆ ಅವನ ಪರವಾಗಿ ಪೋಷಕನು ನ್ಯಾಯದಿಂದ ಬರೆಸಬೇಕೆಂದೂ ಅದರಲ್ಲಿದೆ. ಬರೆದಿಡುವುದು ಅವಮಾನವೆಂದು ಭಾವಿಸುವ ಹಿರಿಯರಿಗೆ ಇದನ್ನು ತಿಳಿಸಬೇಕು. ಅಮ್ಮಿ ಕೈಯಲ್ಲಿ ಪುಸ್ತಕ ಹಿಡಿಯಲು ಒಪ್ಪಿದ್ದೇ ಈ ಆಯತನ್ನು ಕೇಳಿದ ಮೇಲೆ.

ಅಝಾನ್ ಕೇಳಿದಾಗ ಮಾತ್ರೆ

ನಾವು ಕಲಿತ ಕೆಲವು ಉಪಾಯಗಳು ಇಲ್ಲಿವೆ. ದುಬಾರಿಯಾದದ್ದು ಯಾವುದೂ ಇಲ್ಲ.

ಮೊದಲನೆಯದು, ಗಂಟೆಯ ಕೆಲಸವನ್ನು ಸೂಚನೆಯ ಕೆಲಸವನ್ನಾಗಿ ಮಾಡುವುದು. “ಸಂಜೆ ಮಾತ್ರೆ ತಗೊಳ್ಳಿ” ಎಂದರೆ ಅಮ್ಮಿಗೆ ಹಿಡಿತ ಸಿಗುವುದಿಲ್ಲ. “ಮಗ್ರಿಬ್ ಅಝಾನ್ ಕೇಳಿದಾಗ ನಾನು ವುಝೂ ಮಾಡಿ, ನಮಾಝ್ ಮುಗಿಸಿ, ಜಾನಮಾಝ್ ಮಡಚಿ, ಆ ಕಪಾಟಿನಲ್ಲಿಡುವಾಗ ಅಲ್ಲಿರುವ ಮಾತ್ರೆ ನುಂಗುತ್ತೇನೆ, ಇನ್‌ಷಾ ಅಲ್ಲಾಹ್” ಎಂದು ಅವರೇ ಬಾಯಿಬಿಟ್ಟು ಎರಡು ಮೂರು ಸಲ ಹೇಳಿದರೆ ಮನಸ್ಸಿನಲ್ಲಿ ಅದರ ಚಿತ್ರ ಮೂಡುತ್ತದೆ. ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂದು ಮೊದಲೇ ಗಂಟು ಹಾಕುವ ಈ ಕ್ರಮದ ಬಗ್ಗೆ ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಬರೆದ ಲೇಖನ ಪ್ರಸಿದ್ಧವಾಗಿದೆ. ದಿನಕ್ಕೆ ಐದು ಸಲ ಕರೆಯುವ ಅಝಾನ್‌ಗಿಂತ ಒಳ್ಳೆಯ ಸೂಚನೆ ನಮ್ಮ ಮನೆಗಳಿಗೆ ಬೇರೆ ಬೇಕೇ? ಆದರೆ ನಮಾಝ್ ವೇಳೆ ಋತುವಿಗೆ ತಕ್ಕಂತೆ ಸರಿಯುತ್ತದೆ. ಊಟದ ಜೊತೆಗೇ ಅಥವಾ ನಿಗದಿತ ಅಂತರದಲ್ಲೇ ನುಂಗಬೇಕಾದ ಮಾತ್ರೆಗಳಿಗೆ ಯಾವ ಸೂಚನೆ ಸರಿ ಎಂದು ವೈದ್ಯರನ್ನು ಕೇಳಬೇಕು. ರಮಝಾನ್‌ಗೆ ಮೊದಲು ಉಪವಾಸದ ಬಗ್ಗೆ, ಮಾತ್ರೆಯ ಪ್ರಮಾಣ ಮತ್ತು ವೇಳೆಯ ಬಗ್ಗೆ ತಪ್ಪದೆ ವಿಚಾರಿಸಬೇಕು.

ಎರಡನೆಯದು, ವಾರದ ಮಾತ್ರೆ ಡಬ್ಬಿ. ಏಳು ದಿನಕ್ಕೆ ಏಳು ಸಾಲು, ಪ್ರತಿ ಸಾಲಿನಲ್ಲಿ ಬೆಳಿಗ್ಗೆ-ಮಧ್ಯಾಹ್ನ-ರಾತ್ರಿಯ ಮನೆಗಳು. ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಮನೆ ಖಾಲಿಯಿದ್ದರೆ ನುಂಗಿದ್ದಾಗಿದೆ ಎಂದರ್ಥ. ‘ನುಂಗಿದೆನೋ ಇಲ್ಲವೋ’ ಎಂಬ ಅನುಮಾನಕ್ಕೆ ಡಬ್ಬಿಯೇ ಉತ್ತರ. ಉಳಿದ ಮಾತ್ರೆಗಳ ಹಾಳೆಗಳು ಹಿರಿಯರ ಕೈಗೆ ಸಿಗದಿರಲಿ. ಸಕ್ಕರೆ ಕಾಯಿಲೆಯವರು ಬೆವತು ನಡುಗಿದರೆ, ಎಚ್ಚರವಿದ್ದು ನುಂಗುವಂತಿದ್ದರೆ ಕೂಡಲೇ ಸಕ್ಕರೆ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ.

ಮೂರನೆಯದು, ವಸ್ತುವನ್ನು ದಾರಿಯಲ್ಲಿಡುವುದು. ಬೇರೆಯವರಿಗೆ ಕೊಡಬೇಕಾದ್ದನ್ನು ಬೀರುವಿನೊಳಗೆ ಜೋಪಾನ ಮಾಡಿದರೆ ಮರೆತಂತೆಯೇ. ಹೆಸರು, ಮೊತ್ತ, ಕೊಡಬೇಕಾದ ದಿನವನ್ನು ಪುಸ್ತಕದಲ್ಲಿ ಬರೆದು, ಮನೆಯ ಇನ್ನೊಬ್ಬರಿಗೂ ತಿಳಿಸಿಡಬೇಕು. ಆ ಪುಸ್ತಕ ಯಾವಾಗಲೂ ಒಂದೇ ಜಾಗದಲ್ಲಿರಬೇಕು.

ನಾಲ್ಕನೆಯದು, ಒಲೆ ಉರಿಯುವಾಗ ಅಡುಗೆ ಮನೆ ಬಿಡದಿರುವುದು. ಬಿಡಲೇಬೇಕಾದರೆ ಕೈಯಲ್ಲಿ ಸೌಟು ಹಿಡಿದೇ ಹೊರಬರುವುದು. ಕೈಯಲ್ಲಿನ ಸೌಟು ಒಲೆಯನ್ನು ನೆನಪಿಸುತ್ತದೆ. ಅಡುಗೆಯಾದ ಮೇಲೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡುವುದು ಮನೆಯ ನಿಯಮವಾಗಲಿ.

ಐದನೆಯದು, ಒಂದು ಹೊತ್ತಿಗೆ ಒಂದೇ ಮಾತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನಾಲ್ಕು ಕೆಲಸ ಹೇಳಿ ಹೋಗಬೇಡಿ. ಎದುರಿಗೆ ಕುಳಿತು, ಕೇಳುವ ಕಿವಿಯ ಕಡೆಯಿಂದ ಹೇಳಿ, ಅವರ ಬಾಯಿಂದಲೇ ಮರಳಿ ಹೇಳಿಸಿ.

ಒಂದು ಮಾತು ಮರೆಯಬೇಡಿ. ನೆರವಾಗುವ ಹೆಸರಿನಲ್ಲಿ ಎಲ್ಲ ಕೆಲಸವನ್ನೂ ಕಿತ್ತುಕೊಂಡರೆ ಹಿರಿಯರು ಮೂಲೆ ಸೇರುತ್ತಾರೆ. ಒಂಟಿತನವೂ ಬುದ್ಧಿಯನ್ನು ಕುಗ್ಗಿಸುತ್ತದೆ. ಡಿಮೆನ್ಷಿಯಾಕ್ಕೆ ಕಾರಣವಾಗಬಲ್ಲ, ಆದರೆ ತಡೆಯಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಕಿವುಡುತನ, ದೃಷ್ಟಿದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಖಿನ್ನತೆ, ಧೂಮಪಾನಗಳ ಜೊತೆಗೆ ಒಂಟಿತನವೂ, ಚಿಕ್ಕಂದಿನಲ್ಲಿ ಸಿಗದ ವಿದ್ಯೆಯೂ ಅದರಲ್ಲಿವೆ. ಇವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಆಯೋಗದ ಅಂದಾಜು. ಇಂದು ನಾವು ಹೆಣ್ಣುಮಕ್ಕಳನ್ನು ಓದಿಸುವುದು ಅವರ ಎಪ್ಪತ್ತನೇ ವಯಸ್ಸಿಗೂ ಬುತ್ತಿ ಕಟ್ಟಿದಂತೆ.

ನಮ್ಮ ಮನೆಗಳಿಗೆ ಹತ್ತಿರವಾದ ಇನ್ನೊಂದು ವಿಷಯವಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಎರಡು ಭಾಷೆ ಬಲ್ಲವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು, ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಮಾತನಾಡುವ ನಮ್ಮ ಜಿಲ್ಲೆಯ ಅಜ್ಜಿಯರನ್ನು ಮಾತಿಗೆ ಎಳೆಯಲು ಇದೂ ಒಂದು ನೆಪವಾಗಲಿ.

ಹೊರೆ ಯಾರ ಹೆಗಲಿಗೆ?

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದಂತೆ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಅದಕ್ಕಿಂತ ಮುಂಚಿನ ಹಂತದಲ್ಲಿರುವವರು ಇನ್ನೆಷ್ಟೋ. ಅವರನ್ನು ನೋಡಿಕೊಳ್ಳುವವರೂ ಹೆಚ್ಚಾಗಿ ಹೆಂಗಸರೇ.

ನಮ್ಮ ಮನೆಯಲ್ಲೂ ಈ ಪ್ರಶ್ನೆ ಬಂತು. ಅಮ್ಮಿ ಒಂದೇ ಕಡೆ ಇರುವುದು ಒಳ್ಳೆಯದೆಂದು ವೈದ್ಯರು ಹೇಳಿದಾಗ ಅವರು ಆಪಾನ ಮನೆಯನ್ನು ಆರಿಸಿಕೊಂಡರು. ಭಾಯಿಯ ಮುಖ ಬಾಡಿತು. “ಮಗನಿದ್ದೂ ತಾಯಿಯನ್ನು ಮಗಳ ಮನೆಯಲ್ಲಿ ಬಿಟ್ಟ ಎಂದು ಜನ ಆಡಿಕೊಳ್ಳುತ್ತಾರೆ” ಎಂದರು. ಅಮ್ಮಿ ಅವರ ಕೈ ಹಿಡಿದು, “ಜನ ನನ್ನ ಮಾತ್ರೆ ಕೊಡುತ್ತಾರೆಯೇ ಬೇಟಾ?” ಎಂದು ಕೇಳಿದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಹೆತ್ತವರು ವೃದ್ಧರಾದಾಗ ಅವರಿಗೆ ‘ಛೆ’ ಎಂದೂ ಹೇಳಬಾರದೆಂದು ಕುರ್‌ಆನ್ (ಬನೀ ಇಸ್ರಾಈಲ್ 23) ಆದೇಶಿಸುವುದು ಮಕ್ಕಳಿಗೆ. ಸೊಸೆ ಮಾಡುವ ಸೇವೆ ಅವಳ ಔದಾರ್ಯ. ಮಗ ತನ್ನ ಪಾಲಿನ ಕರ್ತವ್ಯವನ್ನು ಅವಳ ತಲೆಗೆ ಕಟ್ಟಿ ಅಂಗಡಿಗೆ ಹೋಗುವಂತಿಲ್ಲ. ಈಗ ಭಾಯಿ ಪ್ರತಿ ಭಾನುವಾರ ಚನ್ನರಾಯಪಟ್ಟಣದಿಂದ ಬರುತ್ತಾರೆ. ಮಾತ್ರೆ ಡಬ್ಬಿ ತುಂಬುವುದು, ರಕ್ತದ ಸಕ್ಕರೆ ನೋಡಿ ಬರೆದಿಡುವುದು ಅವರ ಕೆಲಸ. ಔಷಧಿಯ ಖರ್ಚೂ ಅವರದೇ. ಆಸ್ಪತ್ರೆಯ ಓಡಾಟ ನನ್ನದು. ತಿಂಗಳಲ್ಲಿ ನಾಲ್ಕು ದಿನ ನಾನು ಹಾಸನದಿಂದ ಹೋಗಿ ಇರುತ್ತೇನೆ, ಆಗ ಆಪಾ ತನ್ನ ಮಗಳ ಮನೆಗೆ ಹೋಗಿ ಬರುತ್ತಾಳೆ. ನೋಡಿಕೊಳ್ಳುವವರಿಗೂ ಬಿಡುವು ಬೇಕು. ಇಲ್ಲದಿದ್ದರೆ ಆ ‘ಛೆ’ ಎಂಬ ಮಾತು ಬಾಯಿಗೆ ಬಂದೇ ಬಿಡುತ್ತದೆ.

ಅರಕಲಗೂಡಿನಿಂದ ಅಮ್ಮಿಯ ಮಣೆ, ಹೂಜಿ ಮತ್ತು ಜಾನಮಾಝ್ ಹೊಳೆನರಸೀಪುರಕ್ಕೆ ಬಂದಿವೆ. ಕಿವಿಗೆ ಯಂತ್ರ ಬಂದಿದೆ, ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಮರೆವು ಪೂರ್ತಿ ಹೋಗಿಲ್ಲ. ಮುಂದೆ ಹೆಚ್ಚಾಗಬಹುದು, ಅದು ಅಲ್ಲಾಹನಿಗೆ ಗೊತ್ತು. ಆರು ತಿಂಗಳಿಗೊಮ್ಮೆ ತೋರಿಸುತ್ತಿದ್ದೇವೆ.

ಕಳೆದ ತಿಂಗಳು ನಾನು ಹೋದಾಗ ಆಪಾನ ನೆರೆಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಕಾಲೇಜಿನ ಶುಲ್ಕದ ಹಣ, ಸಂಜೆ ಅವಳ ತಂದೆಗೆ ಕೊಡಬೇಕಂತೆ. ಅಮ್ಮಿ ಒಂದು ಕ್ಷಣ ಹಿಂಜರಿದರು. ಆಮೇಲೆ ಪುಸ್ತಕ ತೆರೆದು ಹೆಸರು, ಮೊತ್ತ ಬರೆದುಕೊಂಡರು. ಹಣವನ್ನು ಜಾನಮಾಝ್ ಮಡಿಕೆಯಲ್ಲಿಟ್ಟು ನನ್ನತ್ತ ತಿರುಗಿ, “ನೀನೂ ನೆನಪಿಸು” ಎಂದರು. ನೆನಪಿಸುವ ಅಗತ್ಯ ಬೀಳಲಿಲ್ಲ. ಮಗ್ರಿಬ್‌ಗೆ ಜಾನಮಾಝ್ ಬಿಚ್ಚಿದಾಗ ಹಣ ತಾನೇ ಕೈಗೆ ಬಂತು. ಇಶಾಕ್ಕೆ ಮೊದಲೇ ಅಮಾನತು ಸೇರಬೇಕಾದವರ ಕೈ ಸೇರಿತು.